ಗಾಜಿನ ಬೂತ್‌ನೊಳಗಿನ ಮೋಸ: ಅಮೆರಿಕದ ‘ಟ್ವೆಂಟಿ-ಒನ್’ ಕ್ವಿಜ್ ಪ್ರಕರಣ

1956ರ ಡಿಸೆಂಬರ್ 5ರ ರಾತ್ರಿ. ಅಮೆರಿಕದ ಎನ್‌ಬಿಸಿ ಟಿವಿಯಲ್ಲಿ ‘ಟ್ವೆಂಟಿ-ಒನ್’ ಎಂಬ ಕ್ವಿಜ್ ನಡೆಯುತ್ತಿತ್ತು. ಹರ್ಬರ್ಟ್ ಸ್ಟೆಂಪೆಲ್ ಎಂಬ ಕಾಲೇಜು ವಿದ್ಯಾರ್ಥಿಗೆ ಒಂದು ಸುಲಭದ ಪ್ರಶ್ನೆ ಬಂತು. 1955ರ ಅತ್ಯುತ್ತಮ ಚಿತ್ರವೆಂದು ಆಸ್ಕರ್ ಪಡೆದ ಸಿನಿಮಾ ಯಾವುದು? ಉತ್ತರ ‘ಮಾರ್ಟಿ’. ಆ ಸಿನಿಮಾ ಅಂದ್ರೆ ಸ್ಟೆಂಪೆಲ್‌ಗೆ ಪ್ರಾಣ, ಮತ್ತೆ ಮತ್ತೆ ಹೋಗಿ ನೋಡಿದ್ದ. ಆದರೂ ಸ್ಪರ್ಧಿಗಳು ನಿಲ್ಲುವ ಗಾಜಿನ ಬೂತ್‌ನೊಳಗೆ ನಿಂತು, ಕರವಸ್ತ್ರದಿಂದ ಬೆವರು ಒತ್ತಿಕೊಳ್ಳುತ್ತಾ ‘ಆನ್ ದಿ ವಾಟರ್‌ಫ್ರಂಟ್’ ಎಂದ. ಅದು ಅದರ ಹಿಂದಿನ ವರ್ಷ ಪ್ರಶಸ್ತಿ ಪಡೆದ ಚಿತ್ರ. ತಪ್ಪು ಉತ್ತರವನ್ನೇ ಹೇಳಬೇಕು, ಇದೇ ತಪ್ಪನ್ನು ಹೇಳಬೇಕು ಎಂದು ನಿರ್ಮಾಪಕರು ಅವನಿಗೆ ಮೊದಲೇ ಹೇಳಿಕೊಟ್ಟಿದ್ದರು.

ಆ ರಾತ್ರಿ ಗೆದ್ದವನು ಚಾರ್ಲ್ಸ್ ವಾನ್ ಡೋರೆನ್. ಮುಂದೆ ಮೋಸ ಬಯಲಾದಾಗ ಇಡೀ ಪ್ರಕರಣ ಅವನ ಹೆಸರಿನಲ್ಲೇ ನೆನಪಾಗಿ ಉಳಿಯಿತು. ಒಳ್ಳೆ ಮನೆತನದ ಹುಡುಗ ಜಾರಿಬಿದ್ದ ಕಥೆ ಎಂಬಂತೆ ಅದನ್ನು ಹೇಳುತ್ತಾರೆ. ನನಗೆ ಈ ಪ್ರಕರಣ ಮುಖ್ಯವೆನಿಸುವುದು ಬೇರೆ ಕಾರಣಕ್ಕೆ. ಸ್ಟೆಂಪೆಲ್ ಸತ್ಯವನ್ನು ಮೊದಲೇ ಹೇಳಿದ್ದ. 1957ರಲ್ಲೇ ಹೇಳಿದ್ದ. ಯಾರೂ ನಂಬಲಿಲ್ಲ. ಅದೇ ಸತ್ಯ ವಾನ್ ಡೋರೆನ್ ಬಾಯಿಂದ 1959ರಲ್ಲಿ ಬಂದಾಗ ಸಂಸದರು ಹೊಗಳಿದರು. ಈ ವ್ಯತ್ಯಾಸ ಎಲ್ಲಿಂದ ಬಂತು ಎಂಬುದನ್ನು ಹಿಡಿದು ನೋಡಬೇಕು.

ಹಣ ಬಂದ ದಾರಿ

1950ರಲ್ಲಿ ಅಮೆರಿಕದ ಪ್ರತಿ ನೂರು ಮನೆಗಳಲ್ಲಿ ಸುಮಾರು 9ರಲ್ಲಿ ಮಾತ್ರ ಟಿವಿ ಇತ್ತು. 1960ರ ಹೊತ್ತಿಗೆ ಅದು 87ರ ಹತ್ತಿರ ಹೋಯಿತು. ಹತ್ತು ವರ್ಷದಲ್ಲಿ ಒಂದು ದೇಶದ ಸಂಜೆಯೇ ಬದಲಾಗಿಬಿಟ್ಟಿತು. ಯುದ್ಧ ಮುಗಿಸಿ ಬಂದವರು ಸರ್ಕಾರದ ನೆರವಿನಿಂದ ಕಾಲೇಜು ಓದಿ, ಸಾಲ ಮಾಡಿ ಮನೆ ಕಟ್ಟಿಕೊಂಡು, ಹಾಲ್‌ನಲ್ಲಿ ಟಿವಿ ಇಟ್ಟುಕೊಂಡು ಕೂತಿದ್ದರು.

ಆಗ ಟಿವಿ ಕಾರ್ಯಕ್ರಮಗಳ ಯಜಮಾನಿಕೆ ಬಹುಪಾಲು ಪ್ರಾಯೋಜಕರದ್ದು. ಒಂದು ಕಂಪನಿ ಒಂದು ಇಡೀ ಕಾರ್ಯಕ್ರಮಕ್ಕೆ ದುಡ್ಡು ಹಾಕುತ್ತಿತ್ತು. ಜಾಹೀರಾತು ಸಂಸ್ಥೆ ಮತ್ತು ನಿರ್ಮಾಪಕರು ಸೇರಿ ಅದನ್ನು ತಯಾರಿಸುತ್ತಿದ್ದರು. ಚಾನೆಲ್ ಸುಮ್ನೆ ಸಮಯ ಮಾರುತ್ತಿತ್ತು. ಕಾರ್ಯಕ್ರಮ ಚೆನ್ನಾಗಿ ಓಡುತ್ತಿದೆಯಾ ಅಂತ ತೀರ್ಮಾನಿಸುವವರು ಲಿಪ್‌ಸ್ಟಿಕ್ಕೋ ಟಾನಿಕ್ಕೋ ಮಾರುವವರು.

1954ರಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಬಹುಮಾನ ಹಂಚುವ ಇಂಥ ಕಾರ್ಯಕ್ರಮಗಳು ಲಾಟರಿ ಲೆಕ್ಕಕ್ಕೆ ಬರುವುದಿಲ್ಲ ಎಂದಿತು. ದೊಡ್ಡ ದುಡ್ಡಿನ ಆಟಕ್ಕೆ ಇದ್ದ ಹೆದರಿಕೆ ಅಲ್ಲಿಗೆ ಹೋಯಿತು. ಮರುವರ್ಷ ಜೂನ್ 7ಕ್ಕೆ ಸಿಬಿಎಸ್ ಎಂಬ ಇನ್ನೊಂದು ಚಾನೆಲ್‌ನಲ್ಲಿ ‘ದಿ 64,000 ಡಾಲರ್ ಕ್ವೆಶ್ಚನ್’ ಶುರುವಾಯಿತು. ಪ್ರಾಯೋಜಕರು ಲಿಪ್‌ಸ್ಟಿಕ್ ಮಾರುವ ರೆವ್ಲಾನ್. ಒಪೆರಾ ಬಲ್ಲ ಚಮ್ಮಾರ, ಅಡುಗೆ ಬಲ್ಲ ಮರೀನ್ ಪಡೆಯ ಕ್ಯಾಪ್ಟನ್, ಬಾಕ್ಸಿಂಗ್ ಬಲ್ಲ ಮನಶ್ಶಾಸ್ತ್ರಜ್ಞೆ, ಹೀಗೆ ನಮ್ಮ ನಿಮ್ಮಂಥವರು ಬಂದು ಗೆಲ್ಲುವುದನ್ನು ಜನ ಕಣ್ಣು ಮಿಟುಕಿಸದೆ ನೋಡಿದರು. ಎರಡೇ ವರ್ಷದಲ್ಲಿ ರೆವ್ಲಾನ್‌ನ ಮಾರಾಟ ಎರಡು ಪಟ್ಟಿಗೂ ಜಾಸ್ತಿಯಾಯಿತು. ಮಿಕ್ಕ ಕಂಪನಿಗಳು ಸುಮ್ಮನಿರುತ್ತವೆಯೇ?

‘ಟ್ವೆಂಟಿ-ಒನ್’ ಹುಟ್ಟಿದ್ದು ಈ ಪೈಪೋಟಿಯಲ್ಲಿ, 1956ರ ಸೆಪ್ಟೆಂಬರ್ 12ರಂದು. ನಡೆಸಿಕೊಡುವವನು ಜಾಕ್ ಬ್ಯಾರಿ, ನಿರ್ಮಾಪಕ ಡ್ಯಾನ್ ಎನ್‌ರೈಟ್. ಪ್ರಾಯೋಜಕರು ‘ಜೆರಿಟಾಲ್’ ಎಂಬ ಕಬ್ಬಿಣಾಂಶದ ಟಾನಿಕ್ ಮಾರುವವರು.

ಆಟದ ನಿಯಮ ಗೊತ್ತಾದರೆ ಮೋಸದ ಅಗತ್ಯ ಏನಿತ್ತು ಅನ್ನೋದು ಅರ್ಥವಾಗುತ್ತದೆ. ಇಬ್ಬರು ಸ್ಪರ್ಧಿಗಳು. ಹೊರಗಿನ ಸದ್ದು ಕೇಳದ ಎರಡು ಬೂತ್. ಒಬ್ಬನ ಅಂಕ ಇನ್ನೊಬ್ಬನಿಗೆ ಗೊತ್ತಾಗಬಾರದು. ಪ್ರಶ್ನೆಗಳಿಗೆ 1ರಿಂದ 11ರವರೆಗೆ ಅಂಕ. ಅಂಕ ಹೆಚ್ಚಿದಷ್ಟೂ ಪ್ರಶ್ನೆ ಕಷ್ಟ. ಸರಿ ಹೇಳಿದರೆ ಅಂಕ ಸೇರುತ್ತದೆ, ತಪ್ಪಿದರೆ ಕಳೆಯುತ್ತದೆ. ಮೊದಲು 21 ಮುಟ್ಟಿದವನಿಗೆ ಗೆಲುವು. ಇಬ್ಬರ ನಡುವಿನ ಅಂತರದ ಒಂದೊಂದು ಅಂಕಕ್ಕೆ 500 ಡಾಲರ್. ಆಟ ಸಮವಾದರೆ ಮತ್ತೊಂದು ಆಟ, ಆಗ ಅಂಕಕ್ಕೆ 1,000. ಮತ್ತೆ ಸಮವಾದರೆ 1,500. ಅಂದ್ರೆ ಆಟ ಸಮವಾದಷ್ಟೂ ದುಡ್ಡು ಏರುತ್ತದೆ, ಮುಂದಿನ ವಾರಕ್ಕೆ ಜನ ಕಾಯುತ್ತಾರೆ. ಆದರೆ ನಿಜವಾಗಿ ಆಡಿದರೆ ಬೇಕೆಂದಾಗ ಆಟ ಸಮವಾಗುತ್ತಾ? ಆಗಲ್ಲ.

ಮೊದಲ ದಿನ ಆಟವನ್ನು ಪ್ರಾಮಾಣಿಕವಾಗಿಯೇ ಆಡಿಸಿದರು. ಸ್ಪರ್ಧಿಗಳು ಒಂದಾದ ಮೇಲೊಂದು ಪ್ರಶ್ನೆ ತಪ್ಪಿಸಿದರು. ನೋಡಲು ಹಿಂಸೆ. ಮರುದಿನ ಬೆಳಗ್ಗೆ ಪ್ರಾಯೋಜಕರು ಫೋನ್ ಮಾಡಿ, ಇಂಥದ್ದನ್ನು ಇನ್ನೊಂದು ಸಲ ನೋಡುವುದಕ್ಕೆ ತಯಾರಿಲ್ಲ ಎಂದರು. ಅಲ್ಲಿಂದ ಮುಂದೆ ಆಟ ಮೊದಲೇ ತೀರ್ಮಾನವಾಗತೊಡಗಿತು ಎಂದು ಎನ್‌ರೈಟ್ ವರ್ಷಗಳ ನಂತರ ಒಪ್ಪಿಕೊಂಡ.

ಸ್ಟೆಂಪೆಲ್‌ಗೆ ಹಾಕಿದ ವೇಷ

ಸ್ಟೆಂಪೆಲ್ ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿದ್ದ ಯಹೂದಿ ಯುವಕ. ಸೈನ್ಯದಲ್ಲಿದ್ದು ಬಂದವನು. ಹೆಂಡತಿ, ಪುಟ್ಟ ಮಗು. ಬಡವರ ಮಕ್ಕಳಿಗೂ ಶುಲ್ಕವಿಲ್ಲದೆ ಕಲಿಸುತ್ತಿದ್ದ ಸಿಟಿ ಕಾಲೇಜಿನಲ್ಲಿ ಓದುತ್ತಿದ್ದ. ನೆನಪಿನ ಶಕ್ತಿ ಅಪಾರ. ತಾನಾಗೇ ಪತ್ರ ಬರೆದು, ಪರೀಕ್ಷೆ ಕೊಟ್ಟು ಆಯ್ಕೆಯಾದವನು.

ಒಂದು ದಿನ ಎನ್‌ರೈಟ್ ಅವನ ಮನೆಗೇ ಬಂದ. ಕೆಲವು ಪ್ರಶ್ನೆ ಕೇಳಿದ. ಸ್ಟೆಂಪೆಲ್ ಉತ್ತರಿಸಿದ. ಆಮೇಲೆ, 25,000 ಡಾಲರ್ ಗೆಲ್ಲೋದಕ್ಕೆ ಇಷ್ಟವಿದೆಯಾ ಎಂದು ಕೇಳಿದ. ಯಾರಿಗೆ ಇಷ್ಟವಿರಲ್ಲ?

ಅಲ್ಲಿಂದ ಶುರುವಾದದ್ದು ಬರೀ ಉತ್ತರ ಹೇಳಿಕೊಡುವ ಕೆಲಸವಲ್ಲ. ಎನ್‌ರೈಟ್ ಅವನ ಬಟ್ಟೆ ಕಪಾಟು ತೆಗೆದು ನೋಡಿದ. ತೀರಿಹೋಗಿದ್ದ ಮಾವನ ಹಳೇ ಕೋಟೊಂದು ಅಲ್ಲಿತ್ತು. ದೊಗಳೆ ಕೋಟು. ಅದನ್ನೇ ಹಾಕಿಕೋ ಎಂದ. ಅದಕ್ಕೆ ಕಾಲರ್ ಸವೆದ ನೀಲಿ ಶರ್ಟು. ತಲೆಗೂದಲನ್ನು ಸೈನಿಕರಂತೆ ಮೊಟಕಾಗಿ ಕತ್ತರಿಸಬೇಕು. ಕೈಗೆ ಅಗ್ಗದ ಗಡಿಯಾರ, ಅದು ಟಿಕ್ ಟಿಕ್ ಎನ್ನುವುದು ಬೂತ್‌ನ ಮೈಕ್‌ನಲ್ಲಿ ಕೇಳಬೇಕು. ಮಿಕ್ಕ ಸ್ಪರ್ಧಿಗಳು ನಿರೂಪಕನನ್ನು ‘ಜಾಕ್’ ಎನ್ನಬಹುದು, ಸ್ಟೆಂಪೆಲ್ ಮಾತ್ರ ‘ಮಿಸ್ಟರ್ ಬ್ಯಾರಿ’ ಎನ್ನಬೇಕು. ಬೂತ್‌ನ ಏರ್ ಕಂಡಿಷನರ್ ಆರಿಸುತ್ತಿದ್ದರು, ಬೆವರು ಸುರಿಯಲಿ ಅಂತ. ಆ ಬೆವರನ್ನೂ ಉಜ್ಜಿ ಒರೆಸುವಂತಿಲ್ಲ, ಕರವಸ್ತ್ರದಿಂದ ಮೆಲ್ಲಗೆ ಒತ್ತಿಕೊಳ್ಳಬೇಕು. ಎಲ್ಲಿ ತಡವರಿಸಬೇಕು, ಎಷ್ಟು ಹೊತ್ತು ಸುಮ್ಮನಿರಬೇಕು, ಯಾವ ಭಾಗವನ್ನು ಕೊನೆಗೆ ಹೇಳುತ್ತೇನೆ ಅನ್ನಬೇಕು, ಎಲ್ಲದಕ್ಕೂ ತಾಲೀಮು.

ನೋಡಿ, ಇಲ್ಲೇ ಪ್ರಕರಣದ ಬೇರು ಇದೆ. ಕಷ್ಟದಲ್ಲಿ ಓದುವ, ಜಾಣ, ಆದರೆ ಅಂದಚಂದವಿಲ್ಲದ, ಸ್ವಲ್ಪ ಕಿರಿಕಿರಿ ಹುಟ್ಟಿಸುವ ಮನುಷ್ಯ. ಈ ಪಾತ್ರವನ್ನು ಬೇಕೆಂದೇ ಕಟ್ಟಿದರು. ಜನ ಅವನನ್ನು ಮೆಚ್ಚುತ್ತಾ ಮೆಚ್ಚುತ್ತಾ ಅವನ ಸೋಲಿಗೂ ಕಾಯಬೇಕಿತ್ತು. ಮುಂದೆ ಅವನು ದೂರು ಕೊಡಲು ಹೋದಾಗ ಎದುರಿಗಿದ್ದವರು ನೋಡಿದ್ದು ಆ ವೇಷದ ಮನುಷ್ಯನನ್ನೇ.

ಇಪ್ಪತ್ತು ಬೀದಿಯಾಚೆಯ ಇನ್ನೊಬ್ಬ

ಸಿಟಿ ಕಾಲೇಜಿನಿಂದ ಮ್ಯಾನ್‌ಹಾಟನ್‌ನಲ್ಲಿ ದಕ್ಷಿಣಕ್ಕೆ ಸುಮಾರು ಇಪ್ಪತ್ತು ಬೀದಿ ನಡೆದರೆ ಕೊಲಂಬಿಯಾ ವಿಶ್ವವಿದ್ಯಾಲಯ. ವಾನ್ ಡೋರೆನ್ ಅಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ. ವರ್ಷಕ್ಕೆ ಸುಮಾರು 4,400 ಡಾಲರ್ ಸಂಬಳ. ತಂದೆ ಮಾರ್ಕ್ ವಾನ್ ಡೋರೆನ್ ಪುಲಿಟ್ಜರ್ ಪ್ರಶಸ್ತಿ ಪಡೆದ ಕವಿ, ಕೊಲಂಬಿಯಾದಲ್ಲೇ ಹೆಸರಾಂತ ಮೇಷ್ಟ್ರು. ದೊಡ್ಡಪ್ಪ ಕಾರ್ಲ್ ಕೂಡ ಜೀವನಚರಿತ್ರೆಗೆ ಪುಲಿಟ್ಜರ್ ಪಡೆದವನು. ತಾಯಿಯೂ ಲೇಖಕಿ. ಹುಡುಗ ಎತ್ತರ, ನಗುಮುಖ, ಮಾತಿನಲ್ಲಿ ವಿನಯ.

ನಿರ್ಮಾಪಕ ಆಲ್ಬರ್ಟ್ ಫ್ರೀಡ್‌ಮನ್ ಅವನನ್ನು ಒಪ್ಪಿಸಿದ ರೀತಿಯನ್ನು ವಾನ್ ಡೋರೆನ್ ಮುಂದೆ ಪ್ರಮಾಣ ಮಾಡಿ ಹೇಳಿದ. ಸ್ಟೆಂಪೆಲ್‌ಗೆ ಜಾಸ್ತಿ ಗೊತ್ತು, ನಿಜವಾಗಿ ಆಡಿದರೆ ನೀನು ಗೆಲ್ಲಲ್ಲ ಎಂದನಂತೆ. ಅವನು ಜನಕ್ಕೆ ಇಷ್ಟವಾಗುತ್ತಿಲ್ಲ, ಕಾರ್ಯಕ್ರಮ ಕೆಡುತ್ತಿದೆ ಎಂದನಂತೆ. ಇದೆಲ್ಲ ಬರೀ ಮನರಂಜನೆ, ಸ್ಪರ್ಧಿಗಳಿಗೆ ಸಹಾಯ ಮಾಡೋದು ಎಲ್ಲ ಕಡೆ ಇರೋದೇ ಎಂದನಂತೆ. ಪ್ರಾಮಾಣಿಕವಾಗಿ ಆಡಲು ಬಿಡಿ ಎಂದು ಕೇಳಿದರೆ ಆಗಲ್ಲ ಎಂದ. ಕೊನೆಗೆ ಹೇಳಿದ ಮಾತು ಎಲ್ಲಕ್ಕಿಂತ ಚುರುಕಾಗಿತ್ತು. ನೀನು ಟಿವಿಯಲ್ಲಿ ಬಂದರೆ ಮೇಷ್ಟ್ರುಗಳಿಗೆ, ಓದಿಗೆ, ವಿದ್ಯೆಗೆ ದೇಶದಲ್ಲಿ ಗೌರವ ಹೆಚ್ಚುತ್ತದೆ.

ಈ ಮಾತು ಯಾಕೆ ನಾಟಿತು ಅನ್ನೋದಕ್ಕೆ ಆ ಕಾಲ ಗೊತ್ತಿರಬೇಕು. ಕಂಡಕಂಡವರನ್ನು ಕಮ್ಯುನಿಸ್ಟರೆಂದು ದೂರುತ್ತಿದ್ದ ಸೆನೆಟರ್ ಮೆಕಾರ್ಥಿಯ ಅಬ್ಬರ ಇಳಿದು ಎರಡು ವರ್ಷವಷ್ಟೇ ಆಗಿತ್ತು. ಓದಿದವರೆಂದರೆ ಅನುಮಾನ, ‘ಮೊಟ್ಟೆ ತಲೆಯವರು’ ಎಂಬ ಗೇಲಿ ಇನ್ನೂ ಹೋಗಿರಲಿಲ್ಲ. ಅಂಥಲ್ಲಿ ಒಬ್ಬ ಪಾಠ ಹೇಳುವವನು ಸಿನಿಮಾ ನಟನಷ್ಟು ಜನಪ್ರಿಯನಾದರೆ? ಮೋಸಕ್ಕೆ ಒಳ್ಳೆಯ ಕಾರಣದ ಹೊದಿಕೆ ಸಿಕ್ಕಿತು. ಒಳ್ಳೆಯ ಮನುಷ್ಯರನ್ನು ಬೀಳಿಸುವುದಕ್ಕೆ ದುಡ್ಡಿಗಿಂತ ಇದು ಪರಿಣಾಮಕಾರಿ ಅಂತ ನನಗನ್ನಿಸುತ್ತದೆ.

ನವೆಂಬರ್ 28ಕ್ಕೆ ಮೊದಲ ಬಾರಿ ಇಬ್ಬರೂ ಎದುರುಬದುರಾದರು. ಆಟ ಸಮ, ಮತ್ತೆ ಸಮ. ಮುಂದಿನ ವಾರ ಬಾ ಎಂದರು. ಡಿಸೆಂಬರ್ 5ರ ಮೊದಲು ಸ್ಟೆಂಪೆಲ್ ಬೇಡಿಕೊಂಡ. ಒಂದೇ ಒಂದು ಸಲ ನಿಜವಾಗಿ ಆಡಲು ಬಿಡಿ, ಸೋತರೆ ಸೋಲುತ್ತೇನೆ. ಬಿಡಲಿಲ್ಲ. 49,500 ಡಾಲರ್ ಹಿಡಿದುಕೊಂಡು ಹೊರಟ.

ವಾನ್ ಡೋರೆನ್ 1957ರ ಮಾರ್ಚ್ 11ರವರೆಗೆ ಗೆಲ್ಲುತ್ತಲೇ ಹೋದ. ಫೆಬ್ರವರಿಯಲ್ಲಿ ಟೈಮ್ ಪತ್ರಿಕೆಯ ಮುಖಪುಟದಲ್ಲಿ ಬಂದ. ಕೊನೆಗೆ ವಿವಿಯನ್ ನಿಯರಿಂಗ್ ಎಂಬ ವಕೀಲೆಯ ಎದುರು ಬೆಲ್ಜಿಯಂ ರಾಜನ ಹೆಸರು ಗೊತ್ತಿಲ್ಲವೆಂದು ಸೋತ. ಅದೂ ಮೊದಲೇ ಬರೆದಿಟ್ಟ ಸೋಲೇ. 129,000 ಡಾಲರ್ ಗೆದ್ದಿದ್ದ. ಎನ್‌ಬಿಸಿ ವರ್ಷಕ್ಕೆ 50,000 ಡಾಲರ್ ಕೊಟ್ಟು ಮೂರು ವರ್ಷಕ್ಕೆ ಕೆಲಸಕ್ಕಿಟ್ಟುಕೊಂಡಿತು.

ಬಾಯಿಮಾತಿಗೆ ಬೆಲೆಯಿಲ್ಲ

ಸ್ಟೆಂಪೆಲ್ ಸುಮ್ಮನಿರಲಿಲ್ಲ. 1957ರ ಆರಂಭದಲ್ಲೇ ನ್ಯೂಯಾರ್ಕ್‌ನ ಪತ್ರಿಕೆಗಳ ಬಳಿ ಹೋದ. ನಡೆದದ್ದನ್ನೆಲ್ಲ ಹೇಳಿದ. ಪತ್ರಿಕೆಯವರಿಗೆ ಮಾನನಷ್ಟ ಮೊಕದ್ದಮೆಯ ಭಯ. ಪುರಾವೆ ಎಲ್ಲಿ? ಒಬ್ಬ ಸೋತವನ ಮಾತು ಬಿಟ್ಟರೆ ಏನೂ ಇಲ್ಲ. ಅಚ್ಚು ಹಾಕಲಿಲ್ಲ.

ಎನ್‌ರೈಟ್ ಇಷ್ಟರಲ್ಲಿ ಕೆಲಸ ಕೊಡಿಸುವ ಆಸೆ ತೋರಿಸಿ, ನನಗೆ ಯಾರೂ ಏನೂ ಹೇಳಿಕೊಟ್ಟಿಲ್ಲ ಎಂಬ ಕಾಗದಕ್ಕೆ ಅವನಿಂದ ಸಹಿ ಹಾಕಿಸಿಕೊಂಡಿದ್ದ. ಮುಂದೆ ಆರೋಪ ಬಹಿರಂಗವಾದಾಗ ಆ ಕಾಗದ ಹೊರಗೆ ಬಂತು. ಜೊತೆಗೆ, ಅವನ ಮನಸ್ಸಿನ ಸ್ಥಿತಿ ಸರಿಯಿಲ್ಲ, ಹಣಕ್ಕಾಗಿ ಬೆದರಿಸುತ್ತಿದ್ದಾನೆ ಎಂಬ ಮಾತೂ ಬಂತು. ಸ್ಟೆಂಪೆಲ್ ಕೂಡ ಮೋಸದಲ್ಲಿ ಪಾಲುದಾರನೇ, ಅದನ್ನು ಮುಚ್ಚಿಡಬೇಕಾಗಿಲ್ಲ. ಹೊಟ್ಟೆಕಿಚ್ಚು ಇತ್ತು, ಸಿಟ್ಟೂ ಇತ್ತು. ಆದರೆ ಸಿಟ್ಟಿನಿಂದ ಹೇಳಿದ ಮಾತ್ರಕ್ಕೆ ಸತ್ಯ ಸುಳ್ಳಾಗುತ್ತದೆಯೇ?

ಬಾಗಿಲು ತೆರೆದದ್ದು ಬೇರೆ ಕಡೆಯಿಂದ. 1958ರ ಮೇನಲ್ಲಿ ಸಿಬಿಎಸ್‌ನ ‘ಡಾಟ್ಟೊ’ ಎಂಬ ಕ್ವಿಜ್‌ನಲ್ಲಿ ತನ್ನ ಸರದಿಗಾಗಿ ಕಾಯುತ್ತಿದ್ದ ಒಬ್ಬನಿಗೆ ಇನ್ನೊಬ್ಬ ಸ್ಪರ್ಧಿಯ ನೋಟ್‌ಬುಕ್ ಕಣ್ಣಿಗೆ ಬಿತ್ತು. ವೇದಿಕೆ ಮೇಲೆ ಆಕೆ ಹೇಳುತ್ತಿದ್ದ ಉತ್ತರಗಳೆಲ್ಲ ಅದರಲ್ಲಿ ಬರೆದಿದ್ದವು. ಆತ ಆ ಹಾಳೆ ಹರಿದಿಟ್ಟುಕೊಂಡು ದೂರು ಕೊಟ್ಟ. ಆಗಸ್ಟ್‌ನಲ್ಲಿ ‘ಡಾಟ್ಟೊ’ ಯಾವ ವಿವರಣೆಯೂ ಇಲ್ಲದೆ ನಿಂತುಹೋಯಿತು. ಆಗ ಪತ್ರಿಕೆಗಳಿಗೆ ಧೈರ್ಯ ಬಂತು. ಆ ತಿಂಗಳ ಕೊನೆಯಲ್ಲಿ ಸ್ಟೆಂಪೆಲ್‌ನ ಕಥೆ ಕೊನೆಗೂ ಅಚ್ಚಾಯಿತು. ಅಕ್ಟೋಬರ್‌ನಲ್ಲಿ ‘ಟ್ವೆಂಟಿ-ಒನ್’ ಕೂಡ ನಿಂತಿತು.

ಇನ್ನೂ ಗಟ್ಟಿ ಪುರಾವೆ ಕೊಟ್ಟವನು ಜೇಮ್ಸ್ ಸ್ನಾಡ್‌ಗ್ರಾಸ್ ಎಂಬ ಕಲಾವಿದ. 1957ರ ಮೇನಲ್ಲಿ ‘ಟ್ವೆಂಟಿ-ಒನ್’ನಲ್ಲಿ ಆಡಿದ್ದ. ಕಾರ್ಯಕ್ರಮಕ್ಕೆ ಮೊದಲೇ ತನಗೆ ಕೊಟ್ಟಿದ್ದ ಪ್ರಶ್ನೆ, ಉತ್ತರಗಳನ್ನು ಬರೆದು, ರಿಜಿಸ್ಟರ್ಡ್ ಅಂಚೆಯಲ್ಲಿ ತನಗೇ ಕಳಿಸಿಕೊಂಡು, ಲಕೋಟೆ ಒಡೆಯದೆ ಇಟ್ಟಿದ್ದ. ಅಂಚೆ ಮುದ್ರೆಯ ತಾರೀಖೇ ಸಾಕ್ಷಿ. ಮುಂದೆ ತನಿಖೆಯಲ್ಲಿ ತೆರೆದು ನೋಡಿದರೆ ಉತ್ತರಗಳಷ್ಟೇ ಅಲ್ಲ, ನಟನೆಯೂ ಅದರಲ್ಲಿತ್ತು. ‘ಸ್ನೋ ವೈಟ್’ ರಾಜಕುಮಾರಿಯ ಕಥೆಯ ಏಳು ಕುಳ್ಳರನ್ನು ಹೆಸರಿಸುವ ಪ್ರಶ್ನೆಗೆ ಯಾವ ಹೆಸರು ಮೊದಲು, ಯಾವುದು ಆಮೇಲೆ, ಎಲ್ಲಿ ನಿಲ್ಲಿಸಬೇಕು ಎಂಬುದೆಲ್ಲ ಬರೆದಿತ್ತು. ಇವನು ಒಂದು ವಿಷಯದಲ್ಲಿ ನಿರ್ಮಾಪಕರಿಗೆ ಕೈಕೊಟ್ಟಿದ್ದ ಕೂಡ. ಒಂದು ಕವಿತೆಯ ಸಾಲಿಗೆ ಎಮರ್ಸನ್ ಎಂದು ತಪ್ಪು ಹೇಳಿ ಸೋಲು ಎಂದಿದ್ದರು. ಬೂತ್‌ನೊಳಗೆ ಹೋಗಿ ಎಮಿಲಿ ಡಿಕಿನ್ಸನ್ ಎಂದು ಸರಿಯಾಗಿ ಹೇಳಿಬಿಟ್ಟ.

ಒಂದು ಹರಿದ ಹಾಳೆ, ಒಂದು ಲಕೋಟೆ. ಸ್ಟೆಂಪೆಲ್ ಹತ್ತಿರ ಇಲ್ಲದಿದ್ದದ್ದು ಇಷ್ಟೇ.

ಪ್ರಮಾಣ ಮಾಡಿ ಹೇಳಿದ ಸುಳ್ಳು

ಮ್ಯಾನ್‌ಹಾಟನ್‌ನ ಸರ್ಕಾರಿ ಅಭಿಯೋಜಕ ಫ್ರಾಂಕ್ ಹೋಗನ್ 1958ರ ಸೆಪ್ಟೆಂಬರ್‌ನಲ್ಲಿ ಗ್ರ್ಯಾಂಡ್ ಜ್ಯೂರಿ, ಅಂದ್ರೆ ಮೊಕದ್ದಮೆ ಹೂಡಬೇಕೇ ಎಂದು ತೀರ್ಮಾನಿಸುವ ನಾಗರಿಕರ ಮಂಡಳಿ, ಸೇರಿಸಿದ. ಸಹಾಯಕ ಜೋಸೆಫ್ ಸ್ಟೋನ್ ವಿಚಾರಣೆ ನಡೆಸಿದ. ಸುಮಾರು 150 ಸಾಕ್ಷಿಗಳು ಬಂದರು. ಅವರಲ್ಲಿ ನೂರರಷ್ಟು ಮಂದಿ ಸುಳ್ಳು ಹೇಳಿದರೆಂಬುದು ಸ್ಟೋನ್‌ನ ಅಂದಾಜು. ವಾನ್ ಡೋರೆನ್ ಕೂಡ ಅವರಲ್ಲೊಬ್ಬ.

ಯಾಕೆ ಸುಳ್ಳು ಹೇಳಿದರು ಅನ್ನೋದು ಯೋಚಿಸುವಂಥದ್ದು. ಕ್ವಿಜ್‌ನಲ್ಲಿ ಉತ್ತರ ಹೇಳಿಕೊಡುವುದು ಆಗ ಅಪರಾಧವೇ ಆಗಿರಲಿಲ್ಲ. ನೋಡುಗರು ಜೇಬಿನಿಂದ ಕಾಸು ಕೊಟ್ಟಿರಲಿಲ್ಲವಾದ್ದರಿಂದ ವಂಚನೆಯ ಕಾನೂನಿನಡಿ ಹಿಡಿಯುವುದು ಕಷ್ಟ. ನಿಜ ಹೇಳಿದ್ದರೆ ಜೈಲಿಲ್ಲ, ದಂಡವಿಲ್ಲ. ಆದರೆ ಅವರಲ್ಲಿ ಮೇಷ್ಟ್ರುಗಳಿದ್ದರು, ವಕೀಲರಿದ್ದರು. ನೆರೆಹೊರೆಯವರ ಮುಂದೆ, ಮಕ್ಕಳ ಮುಂದೆ ಮರ್ಯಾದೆ ಹೋಗುತ್ತದಲ್ಲ. ಮರ್ಯಾದೆ ಉಳಿಸಿಕೊಳ್ಳಲು ಹೋಗಿ ಇಲ್ಲದ ಅಪರಾಧವನ್ನು ತಾವೇ ಮೈಮೇಲೆಳೆದುಕೊಂಡರು. ಪ್ರಮಾಣ ಮಾಡಿ ಸುಳ್ಳು ಹೇಳುವುದಂತೂ ಖಂಡಿತ ಅಪರಾಧ.

1959ರ ಬೇಸಿಗೆಯಲ್ಲಿ ನ್ಯಾಯಾಧೀಶರು ಗ್ರ್ಯಾಂಡ್ ಜ್ಯೂರಿಯ ವರದಿಗೆ ಮೊಹರು ಹಾಕಿ ಮುಚ್ಚಿಟ್ಟರು. ಇದೇ ವಾಷಿಂಗ್ಟನ್ನಿನವರ ಕುತೂಹಲ ಕೆರಳಿಸಿತು. ಅರ್ಕಾನ್ಸಾದ ಸಂಸದ ಓರೆನ್ ಹ್ಯಾರಿಸ್ ಅಧ್ಯಕ್ಷತೆಯ ಉಪಸಮಿತಿ ಅಕ್ಟೋಬರ್ 6ರಂದು ಬಹಿರಂಗ ವಿಚಾರಣೆ ಶುರು ಮಾಡಿತು. ಮೊದಲಿಗೆ ಬಂದವರಲ್ಲಿ ಸ್ಟೆಂಪೆಲ್ ಒಬ್ಬ. ಹಳೇ ಕಾರ್ಯಕ್ರಮದ ಚಿತ್ರಸುರುಳಿ ಹಾಕಿ ತೋರಿಸಿ, ಕೋಟಿನಿಂದ ಹಿಡಿದು ಬೆವರಿನವರೆಗೆ ಒಂದೊಂದನ್ನೂ ಅವನ ಬಾಯಿಂದ ಹೇಳಿಸಿದರು.

ವಾನ್ ಡೋರೆನ್ ಮೊದಲು ಆರೋಪವೆಲ್ಲ ಸುಳ್ಳೆಂದು ತಂತಿ ಕಳಿಸಿದ. ಆಮೇಲೆ ಕೆಲವು ದಿನ ಯಾರ ಕೈಗೂ ಸಿಗಲಿಲ್ಲ. ನವೆಂಬರ್ 2ರಂದು ಸಮಿತಿಯ ಮುಂದೆ ಬಂದು ಬರೆದು ತಂದದ್ದನ್ನು ಓದಿದ. ಕಳೆದ ಮೂರು ವರ್ಷದ ಬದುಕಿನ ದಾರಿಯನ್ನು ಬದಲಿಸಲು ಸಾಧ್ಯವಾಗುವುದಾದರೆ ತನ್ನಲ್ಲಿರುವ ಬಹುಪಾಲನ್ನು ಕೊಟ್ಟುಬಿಡುತ್ತೇನೆ ಎಂದ. ತಾನು ಮೋಸದಲ್ಲಿ ಭಾಗಿ, ಆಳವಾಗಿಯೇ ಭಾಗಿ ಎಂದ. ಓದಿ ಮುಗಿಸಿದಾಗ ಹಲವು ಸಂಸದರು ಅವನ ಪ್ರಾಮಾಣಿಕತೆಯನ್ನು ಹೊಗಳಿದರು. ನ್ಯೂಯಾರ್ಕ್‌ನ ಸ್ಟೀವನ್ ಡೆರೂನಿಯನ್ ಮಾತ್ರ ಒಪ್ಪಲಿಲ್ಲ. ನಿನ್ನಷ್ಟು ಬುದ್ಧಿ ಇರುವ ವಯಸ್ಕನೊಬ್ಬ ಸತ್ಯ ಹೇಳಿದ್ದಕ್ಕೆ ಹೊಗಳಿಕೆ ಯಾಕೆ ಬೇಕು ಎಂಬರ್ಥದ ಮಾತಾಡಿದ.

ಅದೇ ಸಮಿತಿ ನಾಲ್ಕು ವಾರ ಮೊದಲು ಸ್ಟೆಂಪೆಲ್‌ನನ್ನು ಕೂರಿಸಿಕೊಂಡಿತ್ತು. ಇಬ್ಬರದೂ ಒಂದೇ ತಪ್ಪು. ಒಬ್ಬ ತಾನಾಗೇ ಬಂದು ಹೇಳಿದ್ದ, ಇನ್ನೊಬ್ಬ ದಾರಿಯೆಲ್ಲ ಮುಚ್ಚಿದ ಮೇಲೆ ಹೇಳಿದ. ಹೊಗಳಿಕೆ ಯಾರಿಗೆ ಸಿಕ್ಕಿತು ನೋಡಿ. ಇದಕ್ಕೆ ಸಂಸದರನ್ನು ಮಾತ್ರ ದೂರಿ ಪ್ರಯೋಜನವಿಲ್ಲ. ಯಾರ ಮೇಲೆ ಕನಿಕರ ಬರಬೇಕು, ಯಾರನ್ನು ಕಂಡರೆ ಕಸಿವಿಸಿಯಾಗಬೇಕು ಎಂಬುದನ್ನು ಎನ್‌ರೈಟ್ ದೇಶಕ್ಕೆ ವಾರಗಟ್ಟಲೆ ಕಲಿಸಿದ್ದ.

ಆಮೇಲೆ

ಕೊಲಂಬಿಯಾ ಅದೇ ದಿನ ವಾನ್ ಡೋರೆನ್‌ನ ರಾಜೀನಾಮೆ ಅಂಗೀಕರಿಸಿತು. ಎನ್‌ಬಿಸಿ ಮರುದಿನ ಕೆಲಸದಿಂದ ತೆಗೆಯಿತು. ಅಮೆರಿಕದ ಜನರಿಗೆ ಇದು ಭಯಂಕರ ಅನ್ಯಾಯ ಎಂದು ಅಧ್ಯಕ್ಷ ಐಸೆನ್‌ಹೋವರ್ ಹೇಳಿದ. ‘64,000 ಡಾಲರ್’ ಕಾರ್ಯಕ್ರಮ ಹುಟ್ಟುಹಾಕಿ ಆಮೇಲೆ ಸಿಬಿಎಸ್ ಟಿವಿಯ ಅಧ್ಯಕ್ಷನಾಗಿದ್ದ ಲೂಯಿಸ್ ಕೋವನ್ ಆ ಡಿಸೆಂಬರ್‌ನಲ್ಲಿ ಕುರ್ಚಿ ಬಿಟ್ಟ.

1960ರ ಸೆಪ್ಟೆಂಬರ್‌ನಲ್ಲಿ ಕಾನೂನು ತಿದ್ದುಪಡಿಯಾಯಿತು. ಜ್ಞಾನ ಅಥವಾ ಕೌಶಲದ ಸ್ಪರ್ಧೆ ಎಂದು ಹೇಳಿ ಮೊದಲೇ ಫಲಿತಾಂಶ ಗೊತ್ತುಮಾಡುವುದು ಅಂದಿನಿಂದ ಅಪರಾಧ. ಟಿವಿ ವ್ಯವಹಾರವೂ ಬದಲಾಯಿತು. ಒಬ್ಬನೇ ಪ್ರಾಯೋಜಕ ಇಡೀ ಕಾರ್ಯಕ್ರಮವನ್ನು ಕೈಯಲ್ಲಿಟ್ಟುಕೊಳ್ಳುವ ಪದ್ಧತಿ, ಖರ್ಚು ಏರಿದ್ದರಿಂದ ಮೊದಲೇ ಸಡಿಲವಾಗುತ್ತಿತ್ತು. ಈ ಹಗರಣ ಅದಕ್ಕೆ ವೇಗ ಕೊಟ್ಟಿತು. ಚಾನೆಲ್‌ಗಳು ಕಾರ್ಯಕ್ರಮದ ಹಿಡಿತ ತಮ್ಮ ಕೈಗೆ ತೆಗೆದುಕೊಂಡು, ಜಾಹೀರಾತಿಗೆ ನಿಮಿಷಗಳನ್ನು ಬಿಡಿಬಿಡಿಯಾಗಿ ಮಾರತೊಡಗಿದವು. ಕಳೆದುಕೊಂಡ ನಂಬಿಕೆ ಗಳಿಸಲು ಸುದ್ದಿ, ಸಾಕ್ಷ್ಯಚಿತ್ರಗಳಿಗೆ ಜಾಸ್ತಿ ಜಾಗ ಕೊಟ್ಟವು.

ಶಿಕ್ಷೆಯ ಲೆಕ್ಕ ನೋಡಿದರೆ ನನಗೆ ಸಮಾಧಾನವಾಗುವುದಿಲ್ಲ. ಗ್ರ್ಯಾಂಡ್ ಜ್ಯೂರಿಗೆ ಸುಳ್ಳು ಹೇಳಿದ ಆರೋಪದ ಮೇಲೆ 1960ರ ಅಕ್ಟೋಬರ್‌ನಲ್ಲಿ ವಾನ್ ಡೋರೆನ್ ಮತ್ತು ಇನ್ನೂ ಹಲವು ಸ್ಪರ್ಧಿಗಳ ಬಂಧನವಾಯಿತು. 1962ರ ಜನವರಿಯಲ್ಲಿ ತಪ್ಪೊಪ್ಪಿಕೊಂಡರು. ಶಿಕ್ಷೆ ಅಮಾನತಾಯಿತು, ಯಾರೂ ಜೈಲಿಗೆ ಹೋಗಲಿಲ್ಲ. ವಾನ್ ಡೋರೆನ್ ಮತ್ತೆ ಕಾಲೇಜಿನ ಖಾಯಂ ಮೇಷ್ಟ್ರಾಗಲಿಲ್ಲ. ಷಿಕಾಗೋದಲ್ಲಿ ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾದಲ್ಲಿ ಕೆಲಸ ಮಾಡಿದ, 2008ರವರೆಗೆ ಈ ಬಗ್ಗೆ ವಿವರವಾಗಿ ಬರೆಯಲಿಲ್ಲ. ಸ್ಟೆಂಪೆಲ್ ನ್ಯೂಯಾರ್ಕ್ ನಗರದ ಸಾರಿಗೆ ಇಲಾಖೆಯಲ್ಲಿ ದುಡಿದ. ಯಾರು ಬಂದು ಕೇಳಿದರೂ ನಡೆದದ್ದನ್ನು ಮರೆಮಾಚದೆ ಹೇಳುತ್ತಿದ್ದ. ಆ ಕೋಟನ್ನು ಆರಿಸಿದವರಿಗೆ, ಬೂತ್‌ನ ತಂಪು ಆರಿಸಿದವರಿಗೆ ಹೊಸ ಕಾನೂನು ತಗಲಲಿಲ್ಲ, ಯಾಕಂದ್ರೆ ಅದು ಬಂದದ್ದು ಅವರ ಕೆಲಸ ಮುಗಿದ ಮೇಲೆ. ಜಾಕ್ ಬ್ಯಾರಿ ವರ್ಷಗಟ್ಟಲೆ ದೊಡ್ಡ ಚಾನೆಲ್‌ಗಳಿಂದ ದೂರವಿದ್ದು, 1972ರಲ್ಲಿ ಸಿಬಿಎಸ್‌ನಲ್ಲಿ ಇನ್ನೊಂದು ಗೇಮ್ ಶೋ ನಡೆಸಲು ಬಂದ. ಮುಂದೆ ಎನ್‌ರೈಟ್ ಕೂಡ ಅವನ ಜೊತೆಗೂಡಿದ. ಇಬ್ಬರೂ ಅದರಲ್ಲಿ ಚೆನ್ನಾಗಿಯೇ ದುಡ್ಡು ಮಾಡಿದರು.